ಬೆಳಿಗ್ಗೆ ನೂರು, ರಾತ್ರಿಗೆ ಸೊನ್ನೆ

ಕಿಬ್ಬನಹಳ್ಳಿ ಕ್ರಾಸಿನಿಂದ ಸ್ವಲ್ಪ ದೂರದಲ್ಲಿ ಒಂದು ತೋಟದ ಮನೆ ಇದೆ. ಸುತ್ತಲೂ ತೆಂಗಿನ ಮರ. ಮನೆಯಲ್ಲಿ ಅತ್ತೆ, ಮಾವ, ಸೊಸೆ, ಹತ್ತನೇ ಕ್ಲಾಸು ಓದುವ ಮೊಮ್ಮಗ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮನೆಗೆಲ್ಲ ಇರುವುದು ಒಂದೇ ಫೋನು. ಬೆರಳಿನಿಂದ ಉಜ್ಜುವ ದೊಡ್ಡ ಗಾಜಿನ ಫೋನು.

ಒಂದು ರಾತ್ರಿ ಮಾವನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲಾ ಬೆವರು.

"108ಕ್ಕೆ ಫೋನ್ ಮಾಡೇ, ಬೇಗ ಮಾಡೇ" ಎಂದು ಅತ್ತೆ ಕೂಗಿಕೊಂಡರು.

ಸೊಸೆ ಫೋನು ಎತ್ತಿಕೊಂಡಳು. ಗುಂಡಿ ಒತ್ತಿದಳು. ಕಪ್ಪು. ಇನ್ನೊಂದು ಸಲ ಒತ್ತಿದಳು. ಕಪ್ಪು. ಚಾರ್ಜಿಗೆ ಹಾಕೋಣ ಅಂದರೆ ಕರೆಂಟೂ ಇಲ್ಲ. ಅವಳು ಕತ್ತಲಲ್ಲಿ ಟಾರ್ಚು ಹಿಡಿದು ಪಕ್ಕದ ತೋಟದ ಮನೆಗೆ ಓಡಿದಳು. ಅವರು ಫೋನು ಮಾಡಿದರು. ಗಾಡಿ ಬಂತು. ಮಾವನನ್ನು ತಿಪಟೂರಿಗೆ ಕರೆದುಕೊಂಡು ಹೋದರು. ಪುಣ್ಯಕ್ಕೆ ಜೀವ ಉಳಿಯಿತು.

ಮಾವ ಮನೆಗೆ ಬಂದರು. ಆಮೇಲೆ ಶುರುವಾಯಿತು ಜಗಳ.

"ಬೆಳಿಗ್ಗೆ ನೂರಕ್ಕೆ ನೂರು ಇತ್ತು. ರಾತ್ರಿಗೆ ಎಲ್ಲೋಯ್ತು? ಸೀರಿಯಲ್ಲು ನೋಡಿ ನೋಡಿ ಫೋನು ಸಾಯಿಸಿದ್ಲು. ನನ್ನ ಗಂಡನ್ನೂ ಸಾಯಿಸೋಳು" ಎಂದು ಅತ್ತೆ ಅಂದುಬಿಟ್ಟರು.

ಸೊಸೆ ಎರಡು ದಿನ ಊಟ ಬಿಟ್ಟಳು.

ನಾನು ಆ ಮನೆಗೆ ಹೋಗಿ ಬರುವವಳು. ಅತ್ತೆ ನಮ್ಮ ಕಲಿಕಾ ಕೇಂದ್ರಕ್ಕೆ ಬಂದು ಅಕ್ಷರ ಕಲಿತವರು. ಈಗ ಬಸ್ಸಿನ ಬೋರ್ಡು ಓದುತ್ತಾರೆ. ರೇಷನ್ ಕಾರ್ಡಿನಲ್ಲಿ ತಮ್ಮ ಹೆಸರು ಓದುತ್ತಾರೆ. ನಾನು ಅವರಿಗೆ ಹೇಳಿದೆ:

"ಅಮ್ಮಾ, ಯಾರು ಎಷ್ಟು ಚಾರ್ಜು ತಿಂದರು ಅಂತ ಫೋನೇ ಲೆಕ್ಕ ಬರೆದಿಟ್ಟಿರುತ್ತೆ. ನೀವೇ ಓದಿ ನೋಡಿ."

"ನಾನು ಫೋನು ಓದೋದಾ? ಅದೆಲ್ಲಾ ಇಂಗ್ಲೀಷು ಕಣಮ್ಮ."

ಇಂಗ್ಲಿಷಿನಲ್ಲೇ ಇರಬೇಕು ಅಂತ ಏನಿಲ್ಲ. ಈಗಿನ ಎಷ್ಟೋ ಫೋನುಗಳಲ್ಲಿ ಕನ್ನಡ ಇದೆ. ಹಲ್ಲು ಹಲ್ಲಾಗಿರುವ ಒಂದು ಚಕ್ರದ ಚಿತ್ರ ಇರುತ್ತದೆ. ಅದೇ ಸೆಟ್ಟಿಂಗ್ಸ್. ಅದರೊಳಗೆ ಭಾಷೆ ಬದಲಾಯಿಸುವ ಜಾಗ ಇದೆ. ಮೊಮ್ಮಗ ಅದನ್ನು ಹುಡುಕಿ ಕನ್ನಡ ಮಾಡಿಕೊಟ್ಟ. ಅತ್ತೆ ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು.

"ಬ್ಯಾ... ಬ್ಯಾಟ... ಬ್ಯಾಟರಿ!"

ಅದನ್ನು ಒತ್ತಿದರೆ 'ಬ್ಯಾಟರಿ ಬಳಕೆ' ಎಂದು ಬಂತು. ಅದರ ಕೆಳಗೆ ಒಂದು ಪಟ್ಟಿ. ಒಂದೊಂದು ಹೆಸರಿನ ಮುಂದೆ ಒಂದೊಂದು ಸಂಖ್ಯೆ. ಹೆಚ್ಚು ತಿಂದವರು ಮೇಲೆ, ಕಡಿಮೆ ತಿಂದವರು ಕೆಳಗೆ. ಅಂಗಡಿಯ ಸಾಲದ ಪುಸ್ತಕ ಇದ್ದ ಹಾಗೆ. ಆ ರಾತ್ರಿಯ ಲೆಕ್ಕ ಅಳಿಸಿ ಹೋಗಿತ್ತು. ಅವತ್ತಿನ ಲೆಕ್ಕ ಇತ್ತು. ದಿನಾ ನಡೆಯುವುದು ಒಂದೇ ತರಹ ತಾನೇ? ಅಷ್ಟು ಸಾಕು. ನಿಮ್ಮ ಫೋನಿನಲ್ಲಿ ಈ ಹೆಸರುಗಳು ಸ್ವಲ್ಪ ಬೇರೆ ಇರಬಹುದು. ಆದರೆ ಪಟ್ಟಿ ಇರುತ್ತದೆ, ಹುಡುಕಿ.

ಮೊದಲ ಸಾಲಿನಲ್ಲಿ ಇದ್ದದ್ದು ಪರದೆ. ಎರಡನೆಯದು ಮೊಬೈಲ್ ನೆಟ್‌ವರ್ಕ್. ಮೂರನೆಯದು ಮೊಮ್ಮಗನ ಆಟ. ಸೀರಿಯಲ್ಲು ನಾಲ್ಕನೇ ಸಾಲಿನಲ್ಲಿತ್ತು.

ಅತ್ತೆ ಮತ್ತೊಮ್ಮೆ ಓದಿದರು. ಮಾತಾಡಲಿಲ್ಲ.

ಪರದೆ ಅಂದರೆ ಫೋನಿನ ಮುಂದಿನ ಗಾಜು. ಅದು ಒಂದು ದೀಪ ಇದ್ದ ಹಾಗೆ. ಎಷ್ಟು ಹೊತ್ತು ಉರಿಯುತ್ತದೋ, ಎಷ್ಟು ಜೋರಾಗಿ ಉರಿಯುತ್ತದೋ ಅಷ್ಟು ಚಾರ್ಜು ತಿನ್ನುತ್ತದೆ. ಹಳೆಯ ಬಟನ್ ಫೋನು ಮೂರು ನಾಲ್ಕು ದಿನ ಬರುತ್ತಿತ್ತಲ್ಲ, ಯಾಕೆ? ಅದರ ಗಾಜು ಬೆಂಕಿಪೆಟ್ಟಿಗೆಯಷ್ಟು. ಈ ಫೋನಿನ ಗಾಜು ಅಂಗೈಗಿಂತ ದೊಡ್ಡದು.

ಹಾಗಾದರೆ ಈ ಮನೆಯಲ್ಲಿ ದೀಪ ಜೋರು ಮಾಡಿದವರು ಯಾರು? ವಿಚಾರಿಸಿದೆವು. ಮಾವ ದಿನಾ ಮಧ್ಯಾಹ್ನ ತೋಟದಲ್ಲಿ ನಿಂತು ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ನೋಡುತ್ತಾರೆ. ಬಿಸಿಲಿನಲ್ಲಿ ಗಾಜು ಕಾಣುವುದಿಲ್ಲ. ಅದಕ್ಕೆ ಬೆಳಕನ್ನು ತುದಿಯವರೆಗೂ ಏರಿಸುತ್ತಾರೆ. ಇಳಿಸುವುದನ್ನು ಮರೆಯುತ್ತಾರೆ. ರಾತ್ರಿ ಕತ್ತಲೆ ಕೋಣೆಯಲ್ಲೂ ಅಷ್ಟೇ ಬೆಳಕು. ಕಣ್ಣಿಗೂ ಕೆಟ್ಟದ್ದು, ಚಾರ್ಜಿಗೂ ಕೆಟ್ಟದ್ದು.

ಮಂಚದ ಮೇಲೆ ಮಲಗಿದ್ದ ಮಾವ "ನಂದೂ ಐತಾ ಅದರಲ್ಲಿ?" ಎಂದರು. ಸೊಸೆಗೆ ನಗು ಬಂತು.

ಬೆಳಕು ಇಳಿಸುವುದು ಕಷ್ಟವಲ್ಲ. ಗಾಜಿನ ಮೇಲಿನ ಅಂಚಿನಿಂದ ಬೆರಳನ್ನು ಕೆಳಕ್ಕೆ ಎಳೆಯಿರಿ. ಸೂರ್ಯನ ಚಿತ್ರ ಇರುವ ಒಂದು ಗೆರೆ ಬರುತ್ತದೆ. ಬೆರಳನ್ನು ಎಡಕ್ಕೆ ಸರಿಸಿದರೆ ಬೆಳಕು ಕಡಿಮೆ. ಬಲಕ್ಕೆ ಸರಿಸಿದರೆ ಹೆಚ್ಚು. ತಾನಾಗಿಯೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅನುಕೂಲವೂ ಇದೆ.

ಇನ್ನೊಂದು ವಿಷಯ ಸಿಕ್ಕಿತು. ಫೋನನ್ನು ಕೆಳಗಿಟ್ಟ ಮೇಲೆ ಹತ್ತು ನಿಮಿಷ ಪರದೆ ಉರಿಯುತ್ತಲೇ ಇತ್ತು. ಮೊಮ್ಮಗ ಪಾಠ ನೋಡಿ ಬರೆದುಕೊಳ್ಳಲು ಹಾಗೆ ಮಾಡಿಕೊಂಡಿದ್ದ. ಅವನೇ ಅದನ್ನು 30 ಸೆಕೆಂಡಿಗೆ ಇಳಿಸಿದ.

ಎರಡನೆಯ ಸಾಲು ನೆಟ್‌ವರ್ಕ್. ಇದು ನಮ್ಮ ತೋಟದ ಕಡೆಯವರು ತಿಳಿದುಕೊಳ್ಳಲೇಬೇಕಾದ್ದು.

ಫೋನಿಗೆ ತಂತಿ ಇಲ್ಲ. ಅದು ಟವರಿನ ಜೊತೆ ಗಾಳಿಯಲ್ಲೇ ಮಾತಾಡುತ್ತದೆ. ನೀವು ಕರೆ ಮಾಡದಿದ್ದರೂ ಆಗಾಗ "ನಾನು ಇಲ್ಲಿದ್ದೀನಿ" ಎಂದು ಹೇಳುತ್ತಿರುತ್ತದೆ. ಟವರು ಹತ್ತಿರ ಇದ್ದರೆ ಮೆಲ್ಲಗೆ ಹೇಳಿದರೂ ಕೇಳುತ್ತದೆ. ದೂರ ಇದ್ದರೆ? ತೋಟದ ಆ ತುದಿಯಲ್ಲಿ ಇರುವವರನ್ನು ನೀವು ಹೇಗೆ ಕರೆಯುತ್ತೀರಿ? ಗಂಟಲು ಹರಿಯುವ ಹಾಗೆ ಕೂಗಬೇಕು. ಫೋನೂ ಹಾಗೆಯೇ ಕೂಗುತ್ತದೆ. ಕೂಗಿದಷ್ಟೂ ಚಾರ್ಜು ಇಳಿಯುತ್ತದೆ.

ಗಾಜಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಕಡ್ಡಿ ಕಾಣುತ್ತವಲ್ಲ, ಅವೇ ಟವರಿನ ಕಡ್ಡಿ. ನಾಲ್ಕು ಕಡ್ಡಿ ಇದ್ದರೆ ಮಾತು ಸಲೀಸು. ಒಂದೇ ಕಡ್ಡಿ ಇದ್ದರೆ ಫೋನು ಕೂಗಾಡುತ್ತಿದೆ ಎಂದು ತಿಳಿಯಿರಿ. ದಟ್ಟ ತೋಟದ ನಡುವೆ, ಗೋಡೆ ದಪ್ಪ ಇರುವ ಹಳೇ ಮನೆಯ ಒಳಕೋಣೆಯಲ್ಲಿ ಕಡ್ಡಿ ಇಳಿಯುತ್ತದೆ. ಈ ಮನೆಯಲ್ಲಿ ಫೋನು ಇಡುತ್ತಿದ್ದದ್ದು ದೇವರ ಕೋಣೆಯ ಗೂಡಿನಲ್ಲಿ. ಅಲ್ಲಿ ಒಂದೇ ಕಡ್ಡಿ. ನಡುಮನೆಯ ಕಿಟಕಿ ಹತ್ತಿರ ಮೂರು ಕಡ್ಡಿ! ಇಟ್ಟ ಜಾಗದಲ್ಲೇ ಚಾರ್ಜು ಸೋರುತ್ತಿತ್ತು.

ಟವರು ಒಂಚೂರೂ ಸಿಗದ ಜಾಗಕ್ಕೆ ಹೋದಾಗ ವಿಮಾನದ ಚಿತ್ರ ಒತ್ತಿಬಿಡಿ. ಫೋನು ಕೂಗುವುದನ್ನು ನಿಲ್ಲಿಸುತ್ತದೆ. ಆದರೆ ಆಗ ಯಾರ ಕರೆಯೂ ಬರುವುದಿಲ್ಲ. ವಾಪಸು ಬಂದ ಮೇಲೆ ಮರೆಯದೆ ಮತ್ತೆ ಒತ್ತಿ.

ಆಟದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಓಡುವ ಹಾರುವ ಚಿತ್ರಗಳ ಆಟಕ್ಕೆ ಫೋನು ಬಹಳ ದುಡಿಯಬೇಕು. ದುಡಿದರೆ ಬಿಸಿಯಾಗುತ್ತದೆ. ನಿಮ್ಮ ಮನೆ ಹುಡುಗರು ಆಡಿದ ಮೇಲೆ ಫೋನಿನ ಬೆನ್ನು ಮುಟ್ಟಿ ನೋಡಿ, ಗೊತ್ತಾಗುತ್ತದೆ. ಪಕ್ಕದವನಿಗೆ ಇಂಟರ್‌ನೆಟ್ ಹಂಚುವ ಹಾಟ್‌ಸ್ಪಾಟೂ ಹೀಗೇ. ಕೆಲಸ ಮುಗಿದ ಮೇಲೆ ನಿಲ್ಲಿಸಬೇಕು.

ಸೀರಿಯಲ್ಲು ಏನೂ ತಿನ್ನುವುದಿಲ್ಲ ಅಂತ ನಾನು ಹೇಳುವುದಿಲ್ಲ. ತಿನ್ನುತ್ತದೆ. ಆದರೆ ಸೊಸೆ ನೋಡುತ್ತಿದ್ದದ್ದು ದಿನಕ್ಕೆ ಒಂದು. ಅದನ್ನೂ ಅತ್ತೆ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. "ಹೊಸದ್ರಲ್ಲಿ ಎರಡು ದಿನ ಬರ್ತಿತ್ತಲ್ಲ? ಆಗ್ಲೂ ಇವರೆಲ್ಲಾ ಇದ್ರು" ಎಂದರು ಅತ್ತೆ. ಸರಿಯಾದ ಪ್ರಶ್ನೆ. ಆ ಫೋನು ತಂದು ನಾಲ್ಕು ವರ್ಷವಾಗಿದೆ. ಬ್ಯಾಟರಿಗೂ ವಯಸ್ಸಾಗುತ್ತದೆ.

ಬ್ಯಾಟರಿಯೊಳಗೆ ಏನಿದೆ? ಟಾರ್ಚಿನ ಸೆಲ್ಲಿನ ಹಾಗೆ ದುಂಡಗೆ ಇಲ್ಲ. ಚಪ್ಪಟೆ ಇದೆ. ಒಳಗೆ ತೆಳುವಾದ ಎರಡು ಬಗೆಯ ಹಾಳೆಗಳಿವೆ. ಅವು ಒಂದಕ್ಕೊಂದು ತಾಗದ ಹಾಗೆ ನಡುವೆ ಒಂದು ಪೊರೆ. ಲಿಥಿಯಂ ಎಂಬ ಹಗುರವಾದ ಲೋಹದ ಕಣಗಳು ಈ ಹಾಳೆಯಿಂದ ಆ ಹಾಳೆಗೆ ಹೋಗಿ ಬರುತ್ತವೆ. ಚಾರ್ಜಿಗೆ ಹಾಕಿದಾಗ ಒಂದು ಕಡೆ ಹೋಗಿ ತುಂಬಿಕೊಳ್ಳುತ್ತವೆ. ಫೋನು ಬಳಸುವಾಗ ಹಿಂದಕ್ಕೆ ಬರುತ್ತವೆ. ಹೀಗೆ ಹೋಗಿ ಬರುವಾಗ ಪ್ರತಿ ಸಲವೂ ಒಂದಿಷ್ಟು ಕಣ ದಾರಿಯಲ್ಲೇ ಅಂಟಿಕೊಂಡು ಉಳಿಯುತ್ತವೆ. ಸೊನ್ನೆಯಿಂದ ನೂರಕ್ಕೆ ಹೋಗಿ ಮತ್ತೆ ಸೊನ್ನೆಗೆ ಬಂದರೆ ಒಂದು ಸುತ್ತು. ಸುಮಾರು 500ರಿಂದ 800 ಸುತ್ತು ಆಗುವ ಹೊತ್ತಿಗೆ ಅನೇಕ ಬ್ಯಾಟರಿಗಳ ಶಕ್ತಿ ಹತ್ತರಲ್ಲಿ ಎಂಟು ಪಾಲಿಗೆ ಇಳಿಯುತ್ತದೆ. ಹತ್ತು ಬಿಂದಿಗೆ ಹಿಡಿಯುತ್ತಿದ್ದ ತೊಟ್ಟಿ ಎಂಟೇ ಬಿಂದಿಗೆ ಹಿಡಿದ ಹಾಗೆ. ಪರದೆ ಮೇಲೆ ನೂರು ಅಂತಲೇ ಕಾಣುತ್ತದೆ. ಆದರೆ ಆ ನೂರು ಹಳೆಯ ನೂರಲ್ಲ.

ಈ ಬ್ಯಾಟರಿ ಕಂಡುಹಿಡಿದವರಲ್ಲಿ ಅಮೆರಿಕದ ಜಾನ್ ಗುಡ್‌ಇನಫ್ ಒಬ್ಬರು. ಅವರಿಗೆ ಚಿಕ್ಕಂದಿನಲ್ಲಿ ಓದು ಹತ್ತುತ್ತಿರಲಿಲ್ಲ. ಅಕ್ಷರ ಕೂಡಿಸಿ ಓದಲು ಕಷ್ಟವಾಗುವ ಒಂದು ತೊಂದರೆ ಅವರಿಗಿತ್ತು. ಅದು ತೊಂದರೆ ಅಂತ ಆಗ ಯಾರಿಗೂ ಗೊತ್ತಾಗಲಿಲ್ಲ. ಮುಂದೆ ದೊಡ್ಡ ವಿಜ್ಞಾನಿಯಾದರು. 1980ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಅವರೂ ಅವರ ಜೊತೆಯವರೂ ಈ ಬ್ಯಾಟರಿಯ ಒಂದು ಮುಖ್ಯ ಭಾಗ ಕಂಡುಹಿಡಿದರು. ಆಗ ಅವರಿಗೆ 57 ದಾಟಿತ್ತು. ಇಂಥ ಬ್ಯಾಟರಿ ಪೇಟೆಗೆ ಬಂದದ್ದು 1991ರಲ್ಲಿ, ಜಪಾನಿನಿಂದ. 2019ರಲ್ಲಿ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಜಪಾನಿನ ಅಕಿರಾ ಯೊಶಿನೊ ಈ ಮೂವರಿಗೂ ನೊಬೆಲ್ ಬಹುಮಾನ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಇದನ್ನು ಹೇಳಿದಾಗ ಅತ್ತೆ "ನಾನಿನ್ನೂ ಅರವತ್ತೆರಡು" ಅಂದರು.

ಲಿಥಿಯಂ ನಮ್ಮ ಸೀಮೆಗೆ ತೀರಾ ದೂರದ್ದಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಕಡೆ, ಅಲ್ಲಾಪಟ್ಟಣ ಮತ್ತು ಮರಳಗಾಲದ ಬಂಡೆಗಳಲ್ಲಿ ಸುಮಾರು 1600 ಟನ್ ಲಿಥಿಯಂ ಇದೆ ಎಂದು ಸರ್ಕಾರದ ಭೂವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಸರಿ, ಬ್ಯಾಟರಿಗೆ ಬೇಗ ವಯಸ್ಸಾಗುವುದು ಯಾವುದರಿಂದ? ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಯಿಂದ.

ಕೊಬ್ಬರಿ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಾವು ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಆರುತ್ತದೆ. ಗಿಟಕು ಚಿಪ್ಪಿನಿಂದ ಬಿಡುತ್ತದೆ. ಅಲುಗಿಸಿದರೆ ಗಡಗಡ ಅನ್ನುತ್ತದೆ. ಅಟ್ಟದ ಬಿಸಿ ಕಾಯಿಗೆ ಒಳ್ಳೆಯದು. ಆದರೆ ಬ್ಯಾಟರಿಯ ಒಳಗೂ ಒಂದು ದ್ರವ ಇದೆ. ಅದರಲ್ಲೇ ಲಿಥಿಯಂ ಕಣಗಳು ಓಡಾಡುವುದು. ಬಿಸಿಗೆ ಅದು ಕೆಡುತ್ತದೆ. ಕೊಬ್ಬರಿಗೆ ಆಗಿಬರುವ ಜಾಗ ಫೋನಿಗೆ ಆಗಿಬರುವುದಿಲ್ಲ.

ಆದ್ದರಿಂದ ಒಲೆ ಪಕ್ಕದ ಗೋಡೆಯ ಮೇಲೆ ಫೋನು ಇಡಬೇಡಿ. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಬೈಕಿನ ಮುಂದೆ ಬಿಸಿಲಿಗೆ ಸಿಕ್ಕಿಸಬೇಡಿ. ಕುಪ್ಪಸದೊಳಗೆ ಇಟ್ಟುಕೊಂಡು ಬಿಸಿಲಲ್ಲಿ ಕೆಲಸ ಮಾಡಬೇಡಿ. ಮೈ ಬಿಸಿ, ಬೆವರಿನ ತೇವ ಎರಡೂ ಅದಕ್ಕೆ ಆಗುವುದಿಲ್ಲ. ಬಟ್ಟೆಯ ಚೀಲ ಹೊಲಿದು ನೆರಳಲ್ಲಿ ತೂಗುಹಾಕಿ. ಫೋನು ಬಿಸಿಯಾಗಿದೆ ಅಂತ ಫ್ರಿಜ್ಜಿನಲ್ಲೂ ಇಡಬಾರದು. ಒಳಗೆ ನೀರು ಕೂರುತ್ತದೆ. ಫ್ಯಾನಿನ ಗಾಳಿ ಸಾಕು.

ಚಾರ್ಜು ಹಾಕುವ ವಿಷಯದಲ್ಲಿ ಹಳೆಯ ಮಾತುಗಳು ಬಹಳ ಇವೆ. 'ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು' ಎಂದು ಈಗಲೂ ಹೇಳುತ್ತಾರೆ. ಹಿಂದಿನ ಕಾಲದ ನಿಕಲ್ ಬ್ಯಾಟರಿಗಳಿಗೆ ಆ ಮಾತು ಹೊಂದುತ್ತಿತ್ತು. ಈಗಿನ ಬ್ಯಾಟರಿಗೆ ಅದು ಬೇಡ. ಪೂರ್ತಿ ಖಾಲಿಯಾಗುವುದು ಇದಕ್ಕೆ ಕಷ್ಟ. ಯಾವಾಗಲೂ ನೂರರಲ್ಲೇ ಇರುವುದೂ ಕಷ್ಟ. ಹಸುವಿಗೆ ಉಪವಾಸವೂ ಆಗದು, ಹೊಟ್ಟೆ ಬಿರಿಯುವಷ್ಟು ಮೇವೂ ಆಗದು ಅಲ್ಲವೇ? 20ರ ಕೆಳಗೆ ಇಳಿಯುವ ಮೊದಲು ಹಾಕಿ. 80, 90 ಆದಾಗ ತೆಗೆದರೂ ನಡೆಯುತ್ತದೆ. ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ಹಾಕಿದರೆ ತಪ್ಪಿಲ್ಲ. ಎರಡು ಸಲ ಅರ್ಧರ್ಧ ಹಾಕಿದರೆ ಒಂದೇ ಸುತ್ತು ಎಂದು ಲೆಕ್ಕ. ಹಾಗಂತ ಊರಿಗೆ ಹೊರಟಾಗ 80ಕ್ಕೇ ತೆಗೆಯಬೇಡಿ. ಅವತ್ತು ನೂರು ತುಂಬಿಸಿ. ಫೋನು ಇರುವುದು ನಮ್ಮ ಕೆಲಸಕ್ಕೆ ತಾನೇ?

ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದರೆ? ತುಂಬಿದ ಮೇಲೆ ಫೋನೇ ಕರೆಂಟು ಎಳೆಯುವುದನ್ನು ನಿಲ್ಲಿಸುತ್ತದೆ. ಭಯ ಬೇರೆ ಕಡೆ ಇದೆ. ಹಾಸಿಗೆ ಮೇಲೆ, ದಿಂಬಿನ ಅಡಿ ಇಟ್ಟು ಹಾಕಿದರೆ ಬಿಸಿ ಹೊರಗೆ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಮೂಲೆಯಲ್ಲಿ ನಾರು, ಮಟ್ಟೆ, ಅಟ್ಟದಲ್ಲಿ ಕೊಬ್ಬರಿ. ಎಲ್ಲಾ ಎಣ್ಣೆ, ಎಲ್ಲಾ ಉರಿಯುವಂಥದ್ದು. ಅಂಥ ಕಡೆ ಚಾರ್ಜಿಗೆ ಹಾಕಲೇಬಾರದು. ಕಲ್ಲಿನ ಮೇಲೆ, ಬರೀ ನೆಲದ ಮೇಲೆ, ಗಟ್ಟಿ ಮೇಜಿನ ಮೇಲೆ ಇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಚಾರ್ಜಿನಲ್ಲಿ ಇರುವಾಗ ಆಟ ಬೇಡ.

"ಕರೆಂಟು ಬಿಲ್ಲು ಬರುತ್ತೆ, ತೆಗಿ ತೆಗಿ" ಎಂದು ಅತ್ತೆ ದಿನಾ ಅರ್ಧಕ್ಕೇ ಚಾರ್ಜು ತೆಗೆಸುತ್ತಿದ್ದರು. ಇದರ ಲೆಕ್ಕವನ್ನೂ ಮಾಡಿದೆವು. ಸಾಮಾನ್ಯ ಫೋನೊಂದನ್ನು ಪೂರ್ತಿ ತುಂಬಿಸಲು ಒಂದು ಯೂನಿಟ್ಟಿನಲ್ಲಿ ನಲವತ್ತನೇ ಒಂದು ಪಾಲು ಕರೆಂಟು ಸಾಕು. ದಿನಾ ತುಂಬಿಸಿದರೂ ತಿಂಗಳಿಗೆ ಒಂದು ಯೂನಿಟ್ಟು ಆಗುವುದಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಇದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತವೆ. ಆ ರಾತ್ರಿ ಫೋನು ಸತ್ತದ್ದಕ್ಕೆ ಇದೂ ಒಂದು ಕಾರಣ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಗೇ ಹೊಳೆಯಿತು. ಸೊಸೆಗೆ "ಕಾಫಿ ಕುಡಿದ್ಯಾ?" ಎಂದು ಕೇಳಿದರು. ಮೂರು ದಿನದ ಮೇಲೆ ಆಡಿದ ಮೊದಲ ಮಾತು.

ಚಾರ್ಜರು ಕೊಳ್ಳುವಾಗ ಎಚ್ಚರ. ಸಂತೆಯಲ್ಲಿ ಗುಡ್ಡೆ ಹಾಕಿ ಅಗ್ಗಕ್ಕೆ ಮಾರುವುದನ್ನು ನಂಬಬೇಡಿ. ಚಾರ್ಜರಿನ ಮೈಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಇರಬೇಕು. ಅದರ ಜೊತೆ ನೋಂದಣಿ ಸಂಖ್ಯೆ ಇರಬೇಕು. ನಮ್ಮ ಮನೆಯಲ್ಲೂ ಒಮ್ಮೆ ಅಗ್ಗದ ಚಾರ್ಜರು ತಂದೆವು. ವಾರದಲ್ಲಿ ಅದರ ಮೂತಿ ಕರಗಿತು. ಉಳಿಸಿದ್ದು ನೂರು ರೂಪಾಯಿ, ಕಳೆದದ್ದು ಒಂದು ಫೋನು.

ಫೋನಿನ ಬೆನ್ನು ಉಬ್ಬಿದೆಯೇ? ಗಾಜು ಮೇಲಕ್ಕೆ ಎದ್ದಿದೆಯೇ? ಹಾಗಾದರೆ ಬ್ಯಾಟರಿ ಊದಿಕೊಂಡಿದೆ. ಒಳಗೆ ಅನಿಲ ತುಂಬಿದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು. ಫೋನು ಆರಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ರಿಪೇರಿ ಅಂಗಡಿಗೆ ಕೊಡಿ. ಹಳೇ ಬ್ಯಾಟರಿಯನ್ನು ಒಲೆಗೆ ಹಾಕಿದರೆ ಸಿಡಿಯುತ್ತದೆ. ತಿಪ್ಪೆಗೆ ಹಾಕಿದರೆ ವಿಷ ಮಣ್ಣಿಗೆ ಇಳಿಯುತ್ತದೆ. ಆ ಗೊಬ್ಬರ ನಮ್ಮ ಮರದ ಬುಡಕ್ಕೇ ಬರುತ್ತದೆ. ಹಳೇ ಬ್ಯಾಟರಿಗಳನ್ನು ವಾಪಸು ತೆಗೆದುಕೊಳ್ಳುವ ಹೊಣೆ ಅದನ್ನು ತಯಾರಿಸಿದವರದು ಎಂದು 2022ರಲ್ಲಿ ಸರ್ಕಾರ ನಿಯಮ ಮಾಡಿದೆ. ಅಂಗಡಿಯವರನ್ನು ಕೇಳಿ.

ಈ ಮನೆಯ ಬ್ಯಾಟರಿ ಉಬ್ಬಿರಲಿಲ್ಲ. ಮುಪ್ಪಾಗಿತ್ತು, ಅಷ್ಟೆ. ಬೆಂಗಳೂರಿನ ಮಗ ಹೊಸ ಫೋನೇ ಕೊಡಿಸುತ್ತೇನೆ ಅಂದ. ಸೊಸೆ ಬೇಡ ಅಂದಳು. ತಿಪಟೂರಿಗೆ ಹೋಗಿ ಬ್ಯಾಟರಿ ಮಾತ್ರ ಬದಲಾಯಿಸಿಕೊಂಡು ಬಂದಳು. ಅದಕ್ಕೆ ಆದ ಖರ್ಚು ಹೊಸ ಫೋನಿನ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಈಗ ಆ ಮನೆಯಲ್ಲಿ ಫೋನು ಕಿಟಕಿ ಪಕ್ಕದ ನೆರಳಲ್ಲಿ ಇರುತ್ತದೆ. ಚಾರ್ಜು 30ಕ್ಕೆ ಇಳಿದರೆ ಆಟ ನಿಲ್ಲಬೇಕು, ಸೀರಿಯಲ್ಲೂ ನಿಲ್ಲಬೇಕು. ಕೊನೆಯ ಮೂವತ್ತು ರಾತ್ರಿಗೆ ಮೀಸಲು. ತೀರಾ ಇಳಿದಾಗ 'ಬ್ಯಾಟರಿ ಸೇವರ್' ಒತ್ತುತ್ತಾರೆ. ಅದನ್ನು ಒತ್ತಿದರೆ ಹಿಂದೆ ಸದ್ದಿಲ್ಲದೆ ನಡೆಯುವ ಕೆಲಸಗಳು ಕಡಿಮೆಯಾಗುತ್ತವೆ. ಕರೆ ಮಾತ್ರ ಬರುತ್ತದೆ, ಹೋಗುತ್ತದೆ. ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಬಟನ್ ಫೋನಿಗೆ ಒಂದು ಸಿಮ್ ಹಾಕಿಸಿ ಮಾವನ ತಲೆದೆಸೆಯಲ್ಲಿ ಇಟ್ಟಿದ್ದಾರೆ. ವಾರಕ್ಕೊಮ್ಮೆ ಚಾರ್ಜು ಹಾಕುತ್ತಾರೆ. ಇದು ಸೊಸೆಯ ಯೋಚನೆ.

ಅತ್ತೆ ಮಾಡಿದ್ದು ಇನ್ನೊಂದು. ಆ ರಾತ್ರಿ ಪಕ್ಕದ ಮನೆಗೆ ಹೋದ ಸೊಸೆಗೆ ಗಂಡನ ನಂಬರು ಬಾಯಿಗೆ ಬರಲಿಲ್ಲವಂತೆ. ಎಲ್ಲಾ ನಂಬರೂ ಸತ್ತ ಫೋನಿನೊಳಗೇ ಇದ್ದವು. ಅದಕ್ಕೆ ಅತ್ತೆ ನಡುಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಮೊದಲು 108. ಅದರ ಕೆಳಗೆ 112. ಆಮೇಲೆ ಮಗನದು, ಆಶಾ ಕಾರ್ಯಕರ್ತೆಯದು, ಪಕ್ಕದ ತೋಟದವರದು. ಮಗನ ನಂಬರಿನಲ್ಲಿ ಒಂದು ಅಂಕೆ ಬಿಟ್ಟುಹೋಗಿತ್ತು. ಒಂಬತ್ತೇ ಇತ್ತು. ಎಣಿಸಿ ನೋಡಿದವರೂ ಅವರೇ, ಒರೆಸಿ ಸರಿಯಾಗಿ ಬರೆದವರೂ ಅವರೇ.